ಕಂಪನಿ ಬರೆದದ್ದು, ಅಪ್ಪ ಬರೆದದ್ದು

ಅಮೆರಿಕಾದ ಮೇರಿಲ್ಯಾಂಡ್ ರಾಜ್ಯದ ಜರ್ಮನ್‌ಟೌನಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಕಂಪನಿಯ ಕಥೆ ಹೇಳುತ್ತಿದ್ದರು. ಬೇರೆ ಮಕ್ಕಳು ದೇವರ ಕಥೆಯನ್ನೋ ನರಿ ಮೊಸಳೆಯ ಕಥೆಯನ್ನೋ ಕೇಳಿಕೊಂಡು ಬೆಳೆದಿರಬಹುದು. ನಾನು ಬೆಳೆದದ್ದು ಯೂರೋಪಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯ ಕಥೆ ಕೇಳಿಕೊಂಡು. ಯಾವುದೋ ಬಂದರು ಪಟ್ಟಣದಲ್ಲಿ ಭಾವ, ಭಾವಮೈದುನ ಇಬ್ಬರೂ ಸೇರಿ ಹಡಗುಗಳಿಗೆ ವೈರ್‌ಲೆಸ್ ಸೆಟ್ಟು ಮಾಡಿಕೊಡುವ ಅಂಗಡಿ ತೆಗೆದರು. ಅಂಗಡಿ ರೇಡಿಯೋ ಕಾರ್ಖಾನೆಯಾಯಿತು. ಯುದ್ಧ ಬಂತು, ಜೊತೆಗೆ ರೇಡಾರ್ ಬಂತು. ಯುದ್ಧ ಮುಗಿದ ಮೇಲೆ ಟೀವಿ, ಟೆಲಿಫೋನು, ವಿಮಾನದ ಉಪಕರಣ, ಕ್ಷಿಪಣಿಯ ಮೂತಿಯೊಳಗೆ ಕೂರುವ ಉಪಕರಣ. ಇನ್ನೊಂದು ಕಂಪನಿಯನ್ನು ಕೊಂಡುಕೊಂಡಾಗ ಹೆಸರಿನ ಮಧ್ಯೆ ಒಂದು ಗೀಟು ಸೇರುತ್ತಿತ್ತು, ಯಾವುದನ್ನಾದರೂ ಮಾರಿದಾಗ ಗೀಟು ಹೋಗುತ್ತಿತ್ತು. ಸಾರನ್ನ ಕಲಸುತ್ತಾ ಇದನ್ನೆಲ್ಲ ಹೇಳುವಾಗ ಅಪ್ಪ, ತಾವೇ ಆ ಬಂದರು ಪಟ್ಟಣದ ಮನೆಯಲ್ಲಿ ಹುಟ್ಟಿದವರ ಹಾಗೆ ಕಾಣುತ್ತಿದ್ದರು. ಅಮ್ಮನಿಗೆ ಇದು ತಮಾಷೆಯೂ ಹೌದು, ಮೈ ಉರಿಯುವ ಸಂಗತಿಯೂ ಹೌದು.

"ರೀ, ಅವರ ಭಾವಮೈದುನನ ಹೆಸರು ಬಾಯಿಪಾಠ ಇದೆ. ನಿಮ್ಮ ಮುತ್ತಜ್ಜನ ಹೆಸರೇನು ಹೇಳಿ ನೋಡೋಣ."

ಅಪ್ಪ ನಕ್ಕು ಮಜ್ಜಿಗೆ ಹಾಕಿಸಿಕೊಳ್ಳುತ್ತಿದ್ದರು. ಮುತ್ತಜ್ಜನ ಹೆಸರು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮನೆ ಅಂದರೆ ಸಾಲುಮನೆಗಳ ಮಧ್ಯದ ಒಂದು ಟೌನ್‌ಹೌಸು, ಎರಡು ಪಕ್ಕದಲ್ಲೂ ಬೇರೆಯವರ ಗೋಡೆ. ಮೇಲೆ ಮಲಗುವ ಕೋಣೆಗಳು, ನಡುವೆ ಅಡುಗೆಮನೆ ಮತ್ತು ಹಜಾರ, ಕೆಳಗೆ ಬೇಸ್‌ಮೆಂಟು. ನಡುವಿನದು ಅಮ್ಮನದು, ಕೆಳಗಿನದು ಅಪ್ಪನದು. ಅಮ್ಮ ಶಾರದ ಮೈಸೂರಿನ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದವಳು. ಅಪ್ಪನ ವೀಸಾದ ನೆರಳಿನಲ್ಲಿ ಬಂದವಳಾದ್ದರಿಂದ ಇಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಅವಳು ಒಗ್ಗರಣೆ ಹಾಕುವಾಗ ಕಿಟಕಿಯಾಚೆ ಪಾರ್ಕಿಂಗ್ ಲಾಟ್ ನೋಡುತ್ತಾ ನಿಂತುಬಿಡುತ್ತಿದ್ದಳು, ಸಾಸಿವೆ ಸೀದು ಹೋಗುತ್ತಿತ್ತು. ಗ್ರೀನ್ ಕಾರ್ಡ್ ಬಂದರೆ ಅವಳೂ ಕೆಲಸಕ್ಕೆ ಹೋಗಬಹುದು, ಅದನ್ನು ಕೊಡಿಸಬೇಕಾದದ್ದು ಕಂಪನಿ. ಹಾಗಾಗಿ ನಮ್ಮ ಮನೆಯ ಮೂರೂ ಅಂತಸ್ತುಗಳು ಕಂಪನಿಯ ಮೇಲೇ ನಿಂತಿದ್ದವು. ಅಪ್ಪನಿಗೆ ಅದು ಭಕ್ತಿಯಾಗಿತ್ತು, ಅಮ್ಮನಿಗೆ ಉಸಿರು ಕಟ್ಟುತ್ತಿತ್ತು.

ಆ ದಿನಗಳಲ್ಲಿ ಅಮ್ಮನಿಗೆ ಸಿಕ್ಕ ಒಬ್ಬಳೇ ಗೆಳತಿ ರೂತ್ ಆಂಟಿ. ಅಪ್ಪನ ಆಫೀಸಿನಲ್ಲೇ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ. ಎತ್ತರದ ಹೆಂಗಸು, ಬಿಳಿ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದರು. ಮದುವೆಯಾಗಿರಲಿಲ್ಲ, ವಯಸ್ಸಾದ ತಂದೆಯ ಜೊತೆ ಕ್ಲಾರ್ಕ್ಸ್‌ಬರ್ಗಿನಲ್ಲಿ ಇದ್ದರು. ಆಗ ಕ್ಲಾರ್ಕ್ಸ್‌ಬರ್ಗ್ ಅಂದರೆ ಜೋಳದ ಹೊಲ, ಅಲ್ಲೊಂದು ಇಲ್ಲೊಂದು ಮನೆ, ಅಷ್ಟೇ. ನನ್ನ ಸ್ಕೂಲಿನ ಪಾರ್ಕಿಂಗ್ ಲಾಟಿನಲ್ಲಿ ಅಮ್ಮನಿಗೆ ಡ್ರೈವಿಂಗ್ ಕಲಿಸಿದವರು ಅವರೇ. ಅಪ್ಪ ಕಲಿಸಲು ಹೋಗಿ ಇಬ್ಬರೂ ಮಾತು ಬಿಟ್ಟುಕೊಂಡು ಮನೆಗೆ ಬಂದಿದ್ದರು. ರೂತ್ ಆಂಟಿ ಮಾತ್ರ ಪಕ್ಕದಲ್ಲಿ ಕೈಕಟ್ಟಿ ಕೂತು, ಅಮ್ಮ ಏನು ಮಾಡಿದರೂ ಅದೇ ದನಿಯಲ್ಲಿ "ಮತ್ತೊಂದ್ಸಲ" ಅನ್ನುತ್ತಿದ್ದರಂತೆ. ಲೈಸೆನ್ಸ್ ಸಿಕ್ಕ ದಿನ ಅಮ್ಮ ಅವರಿಗೆ ಉಪ್ಪಿಟ್ಟು, ಕೇಸರಿಬಾತು ಮಾಡಿ ಹಾಕಿದಳು. ಅಮ್ಮ ಕುರ್ಚಿಗೆ ಒರಗಿಕೊಂಡು ಜೋರಾಗಿ ನಕ್ಕಿದ್ದನ್ನು ಅಮೆರಿಕಾದಲ್ಲಿ ನಾನು ಮೊದಲು ನೋಡಿದ್ದು ಅವತ್ತು.

ಒಂದು ಆಯುಧ ಪೂಜೆಗೂ ಅವರು ಬಂದಿದ್ದರು. ಅಪ್ಪ ಬೇಸ್‌ಮೆಂಟಿನಲ್ಲಿ ಕೆಂಪು ಬಟ್ಟೆ ಹಾಸಿ ಸಾಲ್ಡರಿಂಗ್ ಐರನ್ನು, ಮಲ್ಟಿಮೀಟರು, ಸ್ಕ್ರೂಡ್ರೈವರುಗಳನ್ನೆಲ್ಲ ಜೋಡಿಸಿ, ಕಂಪ್ಯೂಟರಿಗೂ ಕುಂಕುಮ ಇಟ್ಟು ಮಂಗಳಾರತಿ ಮಾಡಿದರು. ಇದೇನು ಹಬ್ಬ ಅಂತ ರೂತ್ ಆಂಟಿ ಕೇಳಿದಾಗ ಅಮ್ಮ, ಆಯುಧಗಳಿಗೆ ಮಾಡುವ ಪೂಜೆ ಅಂತ ಇಂಗ್ಲಿಷಿನಲ್ಲಿ ವಿವರಿಸಿದಳು.

"ಹಾಗಾದರೆ ನಮ್ಮ ಇಡೀ ಬಿಲ್ಡಿಂಗಿಗೇ ಆ ಕೆಂಪು ಪುಡಿ ಹಚ್ಚಬೇಕಲ್ಲ!" ಅಂದರು ರೂತ್ ಆಂಟಿ.

ಅಮ್ಮನೂ ಅವರೂ ನಕ್ಕೇ ನಕ್ಕರು. ಅಪ್ಪನಿಗೆ ಆ ನಗು ಅಷ್ಟು ಹಿಡಿಸಲಿಲ್ಲ. ತಾನು ಮಾಡುವುದು ಆಯುಧವಲ್ಲ, ಹೆಲಿಕಾಪ್ಟರು ನೆಲದಿಂದ ಎಷ್ಟು ಮೇಲಿದೆ ಎಂದು ಪೈಲಟ್‌ಗೆ ಹೇಳುವ ಡಬ್ಬಿ ಎಂದರು. ಅದು ನಿಜವೇ ಆಗಿತ್ತು. ಸೈನ್ಯದ ಕೆಲಸ ನಡೆಯುತ್ತಿದ್ದ ಬಾಗಿಲಿನಾಚೆಗೆ, ಆ ದೇಶದ ಪ್ರಜೆಯಲ್ಲದ ಅಪ್ಪನನ್ನು ಬಿಡುತ್ತಲೇ ಇರಲಿಲ್ಲ.

ಆ ಚಳಿಗಾಲದಲ್ಲಿ ರೂತ್ ಆಂಟಿಯ ಕೆಲಸ ಹೋಯಿತು. ಕಾರಣ ಅದೇ ಡಬ್ಬಿ. ಚಳಿಯಲ್ಲಿ ಒಳಗೆ ತೇವ ಸೇರಿಕೊಂಡರೆ ಕೆಲವು ಡಬ್ಬಿಗಳು ಇರುವುದಕ್ಕಿಂತ ಹೆಚ್ಚು ಎತ್ತರ ತೋರಿಸುತ್ತಿದ್ದವು. ನೆಲ ಹತ್ತಿರ ಬಂದಿದ್ದರೂ ಪೈಲಟ್‌ಗೆ ಇನ್ನೂ ದೂರ ಇದೆ ಅನ್ನಿಸುತ್ತದೆ. ಟೆಸ್ಟಿಂಗಿನಲ್ಲಿ ಇದು ಕಂಡಾಗ ರೂತ್ ಆಂಟಿ ಸಹಿ ಹಾಕುವುದಿಲ್ಲ ಅಂದರು. ಮೇಲಿನವರು ಮೀಟಿಂಗ್ ಕರೆದರು, ಗಿರಾಕಿ ಕಾಯುತ್ತಿದ್ದಾನೆ ಅಂದರು, ಆಮೇಲೆ ಅವರನ್ನು ಬೇರೆ ಕೆಲಸಕ್ಕೆ ಹಾಕಿದರು, ಕೊನೆಗೆ ವಿಭಾಗವನ್ನು ಚಿಕ್ಕದು ಮಾಡುತ್ತಿದ್ದೇವೆ ಅಂತ ಮನೆಗೆ ಕಳಿಸಿದರು. ಅವರು ಹೋದ ಮೇಲೆ ಆ ಡಬ್ಬಿಯ ಮುಚ್ಚಳವನ್ನು ಅವರು ಹೇಳಿದ್ದ ಹಾಗೆಯೇ ಬದಲಾಯಿಸಿದರು. ಇದನ್ನೆಲ್ಲ ಅಪ್ಪ ಊಟದ ಹೊತ್ತಿಗೇ ಹೇಳಿದರು. ಹೇಳುವಾಗ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮುಂದಿನ ವರ್ಷ ಕಂಪನಿಗೆ ದೊಡ್ಡ ಹುಟ್ಟುಹಬ್ಬ. ಆ ನೆಪದಲ್ಲಿ ಕಂಪನಿಯ ಚರಿತ್ರೆಯನ್ನು ಪುಸ್ತಕವಾಗಿ ತರಬೇಕೆಂದು ಹೆಡ್ ಆಫೀಸಿನವರು ತೀರ್ಮಾನಿಸಿದರು. ಅಮೆರಿಕಾ ಶಾಖೆಯ ಅಧ್ಯಾಯ ಬರೆಯಲು ಅಪ್ಪನಿಗೆ ಹೇಳಿದರು, ಕಂಪನಿಯ ಕಥೆ ಅಷ್ಟು ಚೆನ್ನಾಗಿ ಗೊತ್ತಿದ್ದವರು ಅಲ್ಲಿ ಬೇರೆ ಯಾರೂ ಇರಲಿಲ್ಲವಂತೆ. ಅಪ್ಪ ಅವತ್ತು ಮನೆಗೆ ಬರುವಾಗ ದಾರಿಯಲ್ಲಿ ಹೂವು ಕೊಂಡು ತಂದಿದ್ದರು. ಅಪ್ಪನಿಗೆ ಎರಡೇ ಬೆರಳಿನಲ್ಲಿ ಟೈಪ್ ಮಾಡಲು ಬರುತ್ತಿದ್ದದ್ದು, ನಾನು ಸ್ಕೂಲಿನಲ್ಲಿ ಟೈಪಿಂಗ್ ಕಲಿತಿದ್ದೆ. ವಾರದ ಕೊನೆಯ ಎರಡು ದಿನ ಬೇಸ್‌ಮೆಂಟಿನಲ್ಲಿ ಅವರು ಓಡಾಡುತ್ತಾ ಇಂಗ್ಲಿಷಿನಲ್ಲಿ ಹೇಳುವುದು, ನಾನು ಟೈಪ್ ಮಾಡುವುದು. ಅಷ್ಟು ಹೊತ್ತು ಅಪ್ಪನ ಜೊತೆ ನಾನು ಅದಕ್ಕೆ ಮುಂಚೆಯೂ ಕೂತಿರಲಿಲ್ಲ, ಆಮೇಲೂ ಕೂರಲಿಲ್ಲ. ಒಂದು ವಾಕ್ಯಕ್ಕೆ ಸರಿಯಾದ ಪದ ಸಿಗುವವರೆಗೂ ಬಿಡುತ್ತಿರಲಿಲ್ಲ. ಮೀರಾ, ಬೇಡ, ಅದನ್ನ ತೆಗಿ, ಹೀಗೆ ಹಾಕು. ವಾಕ್ಯಗಳು ನನಗೂ ಬಾಯಿಪಾಠವಾಗಿಬಿಟ್ಟವು.

ಆ ಅಧ್ಯಾಯದಲ್ಲಿ ಅಪ್ಪ ರೂತ್ ಆಂಟಿಯ ಬಗ್ಗೆ ಎರಡು ಪುಟ ಬರೆದರು. ಹೆಸರು ಹಾಕಿಯೇ ಬರೆದರು. ತೇವದ ವಿಷಯ, ಸಹಿ ಹಾಕದೇ ಇದ್ದದ್ದು, ಅವರ ಮಾತೇ ಸರಿಯಾಗಿತ್ತು ಎಂಬುದು, ಅದಕ್ಕಾಗಿ ಅವರು ಕೆಲಸ ಕಳೆದುಕೊಂಡದ್ದು ಎಲ್ಲವೂ ಇತ್ತು. ಹೇಳಿ ಮುಗಿಸಿದ ಮೇಲೆ ಅಪ್ಪನ ಹಣೆ ಬೆವರಿತ್ತು. ನಾನು ಮೇಲೆ ಓಡಿ ಹೋಗಿ ಅಮ್ಮನನ್ನು ಕರೆದುಕೊಂಡು ಬಂದೆ. ಅಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನ ಭುಜದ ಮೇಲಿಂದ ಬಗ್ಗಿ ಪರದೆಯ ಮೇಲಿದ್ದದ್ದನ್ನು ಪೂರ್ತಿ ಓದಿದಳು.

"ನೀವು ಇದನ್ನ ಬರೆದ್ರಾ!" ಅಂದಳು. ಅಷ್ಟೇ. ಅಪ್ಪನ ತೋಳನ್ನು ಒಂದು ಸಲ ಹಿಡಿದು ಬಿಟ್ಟಳು. ಅವರಿಬ್ಬರು ನನ್ನೆದುರು ಹಾಗೆ ಮುಟ್ಟಿಕೊಂಡದ್ದು ನನಗೆ ನೆನಪಿರುವುದು ಅದೊಂದೇ.

ಅಮ್ಮ ಮೇಲೆ ಹೋದವಳೇ ರೂತ್ ಆಂಟಿಗೆ ಫೋನ್ ಮಾಡಿ ಹೇಳಿಬಿಟ್ಟಳು. ಪುಸ್ತಕದಲ್ಲಿ ನಿನ್ನ ಹೆಸರು ಬರುತ್ತದೆ, ನನ್ನ ಗಂಡ ಬರೆದಿದ್ದಾನೆ ಎಂದು. ಆ ದನಿಯಲ್ಲಿದ್ದ ಹೆಮ್ಮೆ ನನಗೆ ಇವತ್ತಿಗೂ ಕೇಳಿಸುತ್ತದೆ.

ಕೆಲವು ವಾರಗಳಾದ ಮೇಲೆ ಹೆಡ್ ಆಫೀಸಿನಿಂದ ಪುಸ್ತಕದ ಸಂಪಾದಕ ಬಂದ. ಹೆಸರು ಮಾರ್ಟಿನ್, ತುಂಬ ಒಳ್ಳೆಯ ನಡವಳಿಕೆ. ಅಪ್ಪ ಅವನನ್ನು ಊಟಕ್ಕೆ ಕರೆದಿದ್ದರು. ಅಮ್ಮ ಬಿಸಿಬೇಳೆಬಾತು, ಬೋಂಡ, ಹೆಸರುಬೇಳೆ ಪಾಯಸ ಮಾಡಿದ್ದಳು. ಅವನು ಎಲ್ಲವನ್ನೂ ಹೊಗಳಿ ತಿಂದ, ನನ್ನ ಸ್ಕೂಲಿನ ಬಗ್ಗೆ ವಿಚಾರಿಸಿದ. ಪಾಯಸದ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ವಿಷಯಕ್ಕೆ ಬಂದ.

"ಅಧ್ಯಾಯ ಸೊಗಸಾಗಿದೆ. ಆ ಎರಡು ಪುಟ ಮಾತ್ರ ಬೇಡ ಅನ್ನಿಸಿತು. ಇದು ಹುಟ್ಟುಹಬ್ಬದ ಪುಸ್ತಕ ಅಲ್ಲವಾ? ಅಂಥ ದಿನ ಯಾರೂ ಮನೆಯ ಜಗಳ ಎತ್ತೋದಿಲ್ಲ."

ಅಪ್ಪ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವನು ಅದೇ ನಗುಮುಖದಲ್ಲಿ ಕೇಳಿದ:

"ಅಂದ ಹಾಗೆ, ನಿಮ್ಮ ಗ್ರೀನ್ ಕಾರ್ಡ್ ಎಲ್ಲಿಗೆ ಬಂತು? ನಮ್ಮವರು ಸರಿಯಾಗಿ ನೋಡಿಕೊಳ್ತಿದ್ದಾರೆ ತಾನೇ?"

ಅಮ್ಮ ಪಾಯಸದ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಅಡುಗೆಮನೆಗೆ ಹೋದವಳು, ಅವನು ಹೊರಡುವಾಗಲೂ ಹೊರಗೆ ಬರಲಿಲ್ಲ. ಕಾರು ಹೋದ ಮೇಲೆ ಜಗಳ ಶುರುವಾಯಿತು. ಪಕ್ಕದ ಗೋಡೆಯವರಿಗೆ ಕೇಳಿಸುತ್ತದೆ ಅಂತ ಅಪ್ಪ ದನಿ ತಗ್ಗಿಸಿದಷ್ಟೂ ಅಮ್ಮನ ದನಿ ಏರಿತು.

"ಎರಡು ಪುಟ ತಾನೇ, ಶಾರದ. ಇಂಥ ಪುಸ್ತಕ ಯಾರು ಓದ್ತಾರೆ?"

"ಯಾರೂ ಓದಲ್ಲ ಅಂದ್ಮೇಲೆ ಇರ್ಲಿ ಬಿಡಿ. ತೆಗಿಯೋದ್ಯಾಕೆ?"

"ನಿಂಗೆ ಅರ್ಥ ಆಗಲ್ಲ. ನಮ್ಮ ಪೇಪರ್ಸ್ ಅವರ ಕೈಲಿದೆ."

"ಚೆನ್ನಾಗಿ ಅರ್ಥ ಆಗತ್ತೆ. ನಡೀರಿ, ಮೈಸೂರಿಗೆ ಹೋಗೋಣ. ಅಲ್ಲಿ ನಂಗೆ ಕೆಲಸ ಸಿಗತ್ತೆ. ಈ ಕಾರ್ಡಿಗಾಗಿ ನಾನು ಕೂತು ಕೂತು ಕೊಳೀತಿರೋದು ಸಾಕು."

"ಮೀರಾ ಸ್ಕೂಲು?"

"ಅವಳನ್ನ ಮಧ್ಯೆ ತರಬೇಡಿ."

"I'm right here," ಅಂದೆ ನಾನು. ಇಬ್ಬರೂ ನನ್ನ ಕಡೆ ತಿರುಗಲಿಲ್ಲ.

ಆ ಭಾನುವಾರ ಮಧ್ಯಾಹ್ನ ಅಪ್ಪ ನನ್ನನ್ನು ಬೇಸ್‌ಮೆಂಟಿಗೆ ಕರೆದರು. ನಾನು ಕಂಪ್ಯೂಟರ್ ಮುಂದೆ ಕೂತು ಆ ಪುಟ ತೆರೆದೆ. ಅಪ್ಪ, "ನೀನು ಏಳು ಪುಟ್ಟಿ. ಇದನ್ನ ನಾನೇ ಮಾಡ್ತೀನಿ" ಅಂದರು. ನಾನು ಎದ್ದು ಮೆಟ್ಟಿಲ ಮೇಲೆ ಕೂತೆ. ಅವರಿಗೆ ಇಡೀ ಪುಟವನ್ನು ಒಟ್ಟಿಗೆ ಅಳಿಸುವುದು ಗೊತ್ತಿರಲಿಲ್ಲ, ಒಂದೊಂದೇ ಅಕ್ಷರವಾಗಿ ಅಳಿಸುತ್ತಾ ಹೋದರು. ನನಗೆ ಗೊತ್ತಿತ್ತು, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಎರಡು ಪುಟವಿದ್ದ ಜಾಗದಲ್ಲಿ ಕೊನೆಗೆ ಒಂದು ಸಾಲು ಬಂತು. ಕನ್ನಡದಲ್ಲಿ ಹೇಳುವುದಾದರೆ, "ಈ ಅವಧಿಯಲ್ಲಿ ಉಪಕರಣದ ಹೊರಮುಚ್ಚಳವನ್ನು ಸುಧಾರಿಸಲಾಯಿತು" ಎಂದು. ಸುಧಾರಿಸಲಾಯಿತು. ಯಾರು, ಯಾಕೆ ಏನೂ ಇಲ್ಲ. ಯಾರದೂ ಕೈ ಇಲ್ಲದೆ ತಾನಾಗಿ ನಡೆದುಹೋದ ಹಾಗೆ. ಇಂಥ ವಾಕ್ಯಗಳನ್ನು ಆಮೇಲೆ ಜೀವನದುದ್ದಕ್ಕೂ ನೋಡಿದ್ದೇನೆ, ನೋಡಿದಾಗಲೆಲ್ಲ ಇದರೊಳಗೆ ಯಾರನ್ನು ಹೂತಿದ್ದಾರೋ ಅನ್ನಿಸಿದೆ.

ವಸಂತದಲ್ಲಿ ಪುಸ್ತಕ ಬಂತು, ಮಿರಿಮಿರಿ ಮಿಂಚುವ ಹೊದಿಕೆ, ಇಟ್ಟಿಗೆಯಷ್ಟು ಭಾರ. ಅಪ್ಪ ತಂದ ಪ್ರತಿಯನ್ನು ಹಜಾರದ ಟೀವಿ ಪಕ್ಕ ಇಟ್ಟರು. ಅಮ್ಮ ಅದನ್ನು ಬಿಟ್ಟು ಸುತ್ತಮುತ್ತಲೆಲ್ಲ ಧೂಳು ಒರೆಸುತ್ತಿದ್ದಳು. ಗ್ರೀನ್ ಕಾರ್ಡೂ ಅದೇ ಸುಮಾರಿಗೆ ಬಂತು. ನಮ್ಮ ಮನೆಯಲ್ಲಿ ಅವತ್ತು ಸಿಹಿ ಮಾಡಲಿಲ್ಲ. ಎರಡು ಪುಟ ಹೋದ ವಿಷಯವನ್ನು ರೂತ್ ಆಂಟಿಗೆ ಹೇಳಲು ಅಮ್ಮ ಫೋನ್ ಎತ್ತುವುದು, ಮತ್ತೆ ಇಡುವುದು ಮಾಡುತ್ತಿದ್ದಳು. ನೀವೇ ಹೇಳಿ ಎಂದು ಅಪ್ಪನಿಗೆ ಹೇಳಿದ್ದಳು, ಅಪ್ಪ ಹೇಳುತ್ತೇನೆ ಅಂದವರು ಹೇಳಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಅಮ್ಮ ದೋಸೆ ಹುಯ್ಯುತ್ತಿದ್ದಾಗ ರೂತ್ ಆಂಟಿಯೇ ಬಂದರು. ಹಳೆಯ ಸಹೋದ್ಯೋಗಿ ಯಾರೋ ಕೊಟ್ಟ ಪುಸ್ತಕ ಅವರ ಕಂಕುಳಲ್ಲಿತ್ತು. ಅಮ್ಮ ಕೊಟ್ಟ ಕುರ್ಚಿಯಲ್ಲಿ ಕೂರದೆ, ಅಡುಗೆಮನೆಯ ಟೇಬಲ್ಲಿನ ಮೇಲೆ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟರು.

"ಇದನ್ನ ಯಾರು ಬರೆದದ್ದು?" ಎಂದು ಅಪ್ಪನನ್ನು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಡ್ರೈವಿಂಗ್ ಕಲಿಸುವಾಗ ಇದ್ದ ದನಿಯೇ.

ಅಪ್ಪ ಆ ಸಾಲನ್ನು ಆಗಷ್ಟೇ ಮೊದಲು ನೋಡುವವರ ಹಾಗೆ ನೋಡಿದರು.

"ಕಂಪನಿ," ಅಂದರು. "ಇದನ್ನ ಕಂಪನಿ ಬರೆದಿದೆ."

ಕಾವಲಿಯ ಮೇಲೆ ದೋಸೆ ಹೊತ್ತಿ ಹೊಗೆ ಎದ್ದು ಗೋಡೆಯ ಮೇಲಿನ ಅಲಾರಂ ಕೂಗತೊಡಗಿತು. ನಾನು ಕುರ್ಚಿ ಹತ್ತಿ ಪೇಪರಿನಿಂದ ಗಾಳಿ ಬೀಸಿದೆ. ಆ ಗಲಾಟೆಯಲ್ಲಿ ರೂತ್ ಆಂಟಿ ಪುಸ್ತಕ ಮುಚ್ಚಿಕೊಂಡು, ಅಮ್ಮನಿಗೆ ಮಾತ್ರ ಕೇಳಿಸುವ ಹಾಗೆ "ನನ್ನ ಹೆಸರು ಬರತ್ತೆ ಅಂತ ನಾನು ನಮ್ಮಪ್ಪನಿಗೆ ಹೇಳಿಬಿಟ್ಟಿದ್ದೆ" ಅಂದು ಹೊರಟುಹೋದರು.

ಅಂದಿನಿಂದ ಅಮ್ಮ ಅಪ್ಪನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ಬಡಿಸುತ್ತಿದ್ದಳು, ಉಪ್ಪು ಬೇಕಾ ಅಂತ ಕೇಳುತ್ತಿದ್ದಳು, ಆದರೆ ತನ್ನ ತಟ್ಟೆಯನ್ನು ಆಮೇಲೆ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತುಕೊಂಡೇ ಮುಗಿಸುತ್ತಿದ್ದಳು. ಅಪ್ಪ ಕಂಪನಿಯ ಕಥೆ ಹೇಳುವುದನ್ನು ನಿಲ್ಲಿಸಿದರು. ಆ ಬೇಸಿಗೆಯಲ್ಲಿ ಕಂಪನಿ ಇನ್ನೊಂದರ ಜೊತೆ ಸೇರಿಕೊಂಡು, ಬೇಡದ ಭಾಗಗಳನ್ನೆಲ್ಲ ಮಾರಿತು. ಹಾಗೆ ಮಾರಿದ್ದರಲ್ಲಿ ಮೇರಿಲ್ಯಾಂಡಿನ ನಮ್ಮ ಶಾಖೆಯೂ ಒಂದು. ಕೊಂಡುಕೊಂಡವರು ಅದನ್ನು ಮುಚ್ಚಿದರು. ಹುಟ್ಟುಹಬ್ಬದ ಪುಸ್ತಕದ ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ. ಅಪ್ಪನಿಗೆ ನಾರ್ತ್ ಕ್ಯಾರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕಂಪನಿಗಳ ಬಡಾವಣೆಯಲ್ಲಿ ಬೇರೆ ಕೆಲಸ ಸಿಕ್ಕಿತು, ನಾವು ಮನೆ ಖಾಲಿ ಮಾಡತೊಡಗಿದೆವು.

ಹೊರಡುವ ಮುಂಚೆ ಅಮ್ಮ ನನ್ನನ್ನು ಕೂರಿಸಿಕೊಂಡು ಕ್ಲಾರ್ಕ್ಸ್‌ಬರ್ಗಿಗೆ ಡ್ರೈವ್ ಮಾಡಿದಳು. ಅಪ್ಪನೂ ಬರುತ್ತೇನೆಂದು ಶರ್ಟು ಬದಲಾಯಿಸಿ ಬಂದರು. "ಬೇಡ" ಅಂದಳು. ರೂತ್ ಆಂಟಿ ಬಾಗಿಲು ತೆರೆದು, ನಮ್ಮನ್ನು ನೋಡಿ, ಒಳಗೆ ಕರೆಯಲೋ ಬೇಡವೋ ಅನ್ನುವ ಹಾಗೆ ನಿಂತರು. ಒಳಗಿಂದ ಅವರ ತಂದೆಯ ದನಿ ಬಂತು.

"ಯಾರದು ರೂತ್? ಆ ಪುಸ್ತಕ ಬರೆದವರ ಮನೆಯವರಾ?"

ಮುದುಕರಿಗೆ ಕಣ್ಣು ಹೋಗಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ತೊಡೆಯ ಮೇಲೆ ಅದೇ ಮಿಂಚುವ ಪುಸ್ತಕ. ಕೈಯಿಂದ ಅದರ ಹೊದಿಕೆಯನ್ನು ಸವರುತ್ತಿದ್ದರು. "ನನ್ನ ಮಗಳು ಅದನ್ನ ಓದಿ ಹೇಳೋದಿಲ್ಲ, ನಾಚಿಕೆ ಅಂತೆ," ಎಂದು ನಕ್ಕರು. "ನೀವಾದರೂ ಓದಿ. ಅವಳ ಬಗ್ಗೆ ಇರೋದು ಎಲ್ಲಿದೆ?"

ರೂತ್ ಆಂಟಿ ಬಾಗಿಲ ಚೌಕಟ್ಟಿಗೆ ಒರಗಿ ನೆಲ ನೋಡುತ್ತಿದ್ದರು. ಅಮ್ಮ ಹೋಗಿ ಮುದುಕರ ತೊಡೆಯ ಮೇಲಿದ್ದ ಪುಸ್ತಕ ತೆಗೆದುಕೊಂಡು ನನ್ನ ಕೈಗಿಟ್ಟಳು. ಕನ್ನಡದಲ್ಲಿ, ಮೆಲ್ಲಗೆ ಹೇಳಿದಳು:

"ಇದರಲ್ಲಿರೋದು ಬೇಡ. ಅಪ್ಪ ಮೊದಲು ಬರೆದಿದ್ದು ನೆನಪಿದ್ಯಲ್ಲ? ಅದನ್ನ ಓದು."

ನಾನು ಪುಸ್ತಕ ಬಿಡಿಸಿ ಹಿಡಿದುಕೊಂಡು ಓದಿದೆ. ಕಣ್ಣೆದುರಿಗೆ ಯಾವುದೋ ಕಾರ್ಖಾನೆಯ ಫೋಟೋ, ಟೈ ಕಟ್ಟಿಕೊಂಡು ಕೈ ಕುಲುಕುವ ಗಂಡಸರು. ಬಾಯಲ್ಲಿ ಅಪ್ಪನ ಎರಡು ಪುಟ. ಒಂದೆರಡು ಕಡೆ ತಡವರಿಸಿದೆ, ಆದರೆ ಬಿಡಲಿಲ್ಲ. ರೂತ್ ಆಂಟಿಯ ಹೆಸರು ಬಂದಾಗಲೆಲ್ಲ ಮುದುಕರು ತಲೆ ಆಡಿಸುತ್ತಿದ್ದರು. ಮುಗಿದ ಮೇಲೆ ಅವರು ಕೈ ಚಾಚಿದರು. ಪುಸ್ತಕ ಕೊಟ್ಟೆ. ಮತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು "ಅಚ್ಚಾಗಿದೆ ಅಂದಮೇಲೆ ಇನ್ನು ಯಾರೂ ಇಲ್ಲ ಅನ್ನೋ ಹಾಗಿಲ್ಲ," ಅಂದರು.

ರೂತ್ ಆಂಟಿ ಕಾರಿನವರೆಗೂ ಬಂದರು. ಅಮ್ಮ ಅವರ ಕೈ ಹಿಡಿಯಲು ಹೋದಳು. ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ನಮ್ಮಪ್ಪನಿಗೋಸ್ಕರ ಥ್ಯಾಂಕ್ಸ್, ಶಾರದ. ಆದರೆ ಇನ್ನು ಬರಬೇಡ. ಅವರು ಇರೋವರೆಗೂ ನಾನು ಈ ಸುಳ್ಳನ್ನ ಕಾಯ್ಕೊಂಡಿರಬೇಕು. ನಿನ್ನ ನೋಡಿದರೆ ಅದು ನೆನಪಾಗುತ್ತೆ."

ವಾಪಸ್ ಬರುವ ದಾರಿಯಲ್ಲಿ ಅಮ್ಮ ಸಿಗ್ನಲ್ಲಿನಲ್ಲಿ ಹಸಿರು ಬಂದರೂ ಕಾರು ಬಿಡದೆ, ಹಿಂದಿನವನು ಹಾರ್ನ್ ಹೊಡೆದ ಮೇಲೆ ಹೊರಟಳು. ಮನೆಯಲ್ಲಿ ಅಪ್ಪ ಕಟ್ಟಿದ ಪೆಟ್ಟಿಗೆಗಳ ಮಧ್ಯೆ ಅದೇ ಶರ್ಟಿನಲ್ಲಿ ಕೂತಿದ್ದರು. ಅಮ್ಮ ನೇರ ಸಿಂಕಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿ ಬೆಳಗಿನ ಪಾತ್ರೆ ತೊಳೆಯತೊಡಗಿದಳು. ಏನಾಯಿತೆಂದು ಅಪ್ಪ ನನ್ನನ್ನು ಕೇಳಿದರು. ನಾನು ಹೇಳಿದೆ. ಏನು ಓದಿದೆ, ಹೇಗೆ ಓದಿದೆ ಎಂದು ಕೇಳಿದರು. ಅಲ್ಲಿ ಓದಿದ್ದನ್ನೇ ಮತ್ತೊಮ್ಮೆ ಅವರೆದುರು ಹೇಳತೊಡಗಿದೆ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಆ ಮೀಟಿಂಗಿನ ಭಾಗಕ್ಕೆ ಬಂದು, ರೂತ್ ಆ ಡಬ್ಬಿಗಳನ್ನು ತಡೆದರು ಅಂದಾಗ ಕೈ ಎತ್ತಿ ನಿಲ್ಲಿಸಿದರು.

"ತಪ್ಪು ಪುಟ್ಟಿ. 'ರೂತ್ ಒಬ್ಬರೇ ತಡೆದರು' ಅಂತ ಬರೆದಿದ್ದೆ. ಆ ರೂಮಿನಲ್ಲಿ ನಾವೆಲ್ಲ ಇದ್ವಿ. ಒಬ್ಬರೇ ಅನ್ನೋದನ್ನ ನೀನು ಬಿಟ್ಟಿದ್ದೀಯ."

ಅಮ್ಮ ನಲ್ಲಿ ನಿಲ್ಲಿಸಿದಳು. ಬೆನ್ನು ನಮ್ಮ ಕಡೆಗೇ ಇತ್ತು.

"ಹೌದು," ಅಂದಳು. "ಒಬ್ಬಳೇ."

ಮತ್ತೆ ನಲ್ಲಿ ತಿರುಗಿಸಿದಳು.